ಪೇಲ್ ಏಲ್‌ಗೆ ಪದಕ: ನಾಲಿಗೆಯ ತೀರ್ಪೋ, ನಿಯಮದ ತೀರ್ಪೋ?

ಅಮೆರಿಕದ ಸಣ್ಣ ಬಿಯರ್ ತಯಾರಕರ ಪಾಲಿಗೆ ಕಳೆದ ಕೆಲವು ವರ್ಷಗಳು ಸುಲಭದ್ದಾಗಿರಲಿಲ್ಲ. ಶತಮಾನಕ್ಕೂ ಮೀರಿದ ಇತಿಹಾಸವಿದ್ದ ಸ್ಯಾನ್‌ಫ್ರಾನ್ಸಿಸ್ಕೋದ ಆಂಕರ್ ಬ್ರೂಯಿಂಗ್ ಸಂಸ್ಥೆ 2023ರಲ್ಲಿ ಬಾಗಿಲು ಮುಚ್ಚಿತು. ಮರುವರ್ಷ ಅದನ್ನು ಹೊಸ ಮಾಲೀಕರು ಖರೀದಿಸಿದರಾದರೂ, ಅದೇ 2024ರಲ್ಲಿ ಆ ದೇಶದಲ್ಲಿ ಹೊಸದಾಗಿ ಆರಂಭವಾದ ಸಣ್ಣ ಘಟಕಗಳಿಗಿಂತ ಮುಚ್ಚಿದವುಗಳ ಸಂಖ್ಯೆಯೇ ಹೆಚ್ಚಾಗಿತ್ತು. ಇಂತಹ ಮಾರುಕಟ್ಟೆಯಲ್ಲಿ ಸ್ಪರ್ಧೆಯೊಂದರ ಪದಕ ಕೇವಲ ಅಲಂಕಾರವಲ್ಲ. ಜಾಹೀರಾತಿಗೆ ಹಣವಿಲ್ಲದ ತಯಾರಕನಿಗೆ ಅದೇ ಜಾಹೀರಾತು. ಆದ್ದರಿಂದ ಈ ಪದಕವನ್ನು ಯಾವ ಅಳತೆಗೋಲಿನಿಂದ ನಿರ್ಧರಿಸಲಾಗುತ್ತದೆ ಎಂಬ ಪ್ರಶ್ನೆಗೆ ಮಹತ್ವ ಬಂದಿದೆ. ಅದಕ್ಕೆ ಅಮೆರಿಕನ್ ಪೇಲ್ ಏಲ್‌ಗಿಂತ ಉತ್ತಮ ನಿದರ್ಶನ ಮತ್ತೊಂದಿಲ್ಲ.

ಒಂದು ಹೂವಿನಿಂದ ಹುಟ್ಟಿದ ಪಂಗಡ

ಪೇಲ್ ಏಲ್ ಮೂಲತಃ ಇಂಗ್ಲೆಂಡಿನದು. ಅದಕ್ಕೆ ಅಮೆರಿಕದ ಗುಣ ನೀಡಿದ್ದು ಕ್ಯಾಸ್ಕೇಡ್ ಎಂಬ ಹಾಪ್ಸ್ ತಳಿ. ಒರೆಗಾನ್ ರಾಜ್ಯದಲ್ಲಿ ನಡೆದ ಸರ್ಕಾರಿ ತಳಿ ಸಂಶೋಧನೆಯ ಫಲವಾಗಿ 1972ರಲ್ಲಿ ಬಿಡುಗಡೆಯಾದ ಈ ತಳಿಯ ಹೂಗೊಂಚಲಿಗೆ ಚಕ್ಕೋತದ ಸಿಪ್ಪೆಯನ್ನು ನೆನಪಿಸುವ ಪರಿಮಳವಿದೆ. ಆಂಕರ್ ಸಂಸ್ಥೆ 1975ರಲ್ಲಿ ತನ್ನ ಲಿಬರ್ಟಿ ಏಲ್‌ನಲ್ಲಿ ಇದನ್ನು ಬಳಸಿತು. ಕ್ಯಾಲಿಫೋರ್ನಿಯಾದ ಚಿಕೋ ಪಟ್ಟಣದಲ್ಲಿ ಕೆನ್ ಗ್ರಾಸ್‌ಮನ್ ಅವರು ಸ್ಥಾಪಿಸಿದ ಸಿಯೆರಾ ನೆವಾಡಾ ಘಟಕ 1980ರಲ್ಲಿ ತಯಾರಿಸಿದ ಪೇಲ್ ಏಲ್ ಆ ಪರಿಮಳವನ್ನೇ ಒಂದು ಪಂಗಡದ ಗುರುತಾಗಿಸಿತು. ನಂತರ ಬಂದವರೆಲ್ಲರೂ ಈ ಬಿಯರನ್ನೇ ಮಾದರಿಯಾಗಿ ಇರಿಸಿಕೊಂಡರು.

ಮೂಗಿಗೆ ಮೊದಲ ಮಣೆ

ಪರೀಕ್ಷೆಯ ಕ್ರಮ ಶಿಸ್ತಿನದು. ತೀರ್ಪುಗಾರನ ಮುಂದೆ ಬರುವ ಲೋಟಕ್ಕೆ ಸಂಖ್ಯೆಯಿರುತ್ತದೆಯೇ ಹೊರತು ಹೆಸರಿರುವುದಿಲ್ಲ. ಪರಿಮಳ ಬೇಗನೆ ಹಾರಿಹೋಗುವುದರಿಂದ ಮೊದಲು ಮೂಗು, ಅನಂತರ ಕಣ್ಣು, ಕೊನೆಗೆ ನಾಲಿಗೆ. ಬಟರ್‌ಸ್ಕಾಚ್ ಮಿಠಾಯಿಯ ವಾಸನೆ ಬಂದರೆ ಹುದುಗುವಿಕೆ ಸರಿಯಾಗಿ ಪೂರ್ಣಗೊಂಡಿಲ್ಲವೆಂಬ ಅನುಮಾನ. ಬೇಯಿಸಿದ ಜೋಳದ ವಾಸನೆಯಾದರೆ ಕುದಿಸುವಿಕೆಯಲ್ಲಿ ಕೊರತೆ. ನೆನೆದ ರಟ್ಟಿನ ವಾಸನೆಯಾದರೆ ಗಾಳಿ ಸೋಂಕಿ ಹಳತಾದ ಲಕ್ಷಣ.

ಮನೆಯಲ್ಲಿ ಬಿಯರ್ ತಯಾರಿಸುವವರ ಸ್ಪರ್ಧೆಗಳಿಗಾಗಿ 1985ರಲ್ಲಿ ಆರಂಭವಾದ ಬಿಯರ್ ಜಡ್ಜ್ ಸರ್ಟಿಫಿಕೇಷನ್ ಪ್ರೋಗ್ರಾಂ, ಅಂದರೆ ಬಿಜೆಸಿಪಿ, 50 ಅಂಕಗಳ ಪಟ್ಟಿಯನ್ನು ಬಳಸುತ್ತದೆ. ಪರಿಮಳಕ್ಕೆ 12, ನೋಟಕ್ಕೆ 3, ರುಚಿಗೆ 20, ಬಾಯಲ್ಲಿ ಆಗುವ ಅನುಭವಕ್ಕೆ 5, ಒಟ್ಟಾರೆ ಪರಿಣಾಮಕ್ಕೆ 10 ಅಂಕ. 1982ರಲ್ಲಿ ಆರಂಭವಾದ ಗ್ರೇಟ್ ಅಮೆರಿಕನ್ ಬಿಯರ್ ಫೆಸ್ಟಿವಲ್‌ನಲ್ಲಿ ಮಾತ್ರ ತೀರ್ಪುಗಾರರ ಮಂಡಳಿ ಚರ್ಚಿಸಿ ಒಮ್ಮತಕ್ಕೆ ಬರುತ್ತದೆ. ಅರ್ಹತೆಯುಳ್ಳ ಬಿಯರ್ ಇಲ್ಲವೆನಿಸಿದರೆ ಚಿನ್ನದ ಪದಕವನ್ನು ತಡೆಹಿಡಿಯುವ ಅಧಿಕಾರವೂ ಅದಕ್ಕಿದೆ.

ಎರಡೂ ಕಡೆ ಕೇಳುವ ಪ್ರಶ್ನೆ ಒಂದೇ: ಈ ಬಿಯರ್ ತನ್ನ ಪಂಗಡದ ವ್ಯಾಖ್ಯೆಗೆ ಎಷ್ಟು ನಿಷ್ಠವಾಗಿದೆ? ಯಾವುದು ಹೆಚ್ಚು ರುಚಿಕರ ಎಂಬುದು ಇಲ್ಲಿನ ಮುಖ್ಯ ಪ್ರಶ್ನೆಯಲ್ಲ. ಕುಡಿದವರೆಲ್ಲರೂ ಮೆಚ್ಚಿದ ಬಿಯರ್ ಸ್ಪರ್ಧೆಯಲ್ಲಿ ಸೋಲುವುದಕ್ಕೆ ಕಾರಣವೇ ಇದು.

ಮಾದರಿಯೇ ಹೊರಗೆ

ಹಾಗಾದರೆ ವ್ಯಾಖ್ಯೆಯನ್ನು ಬರೆಯುವವರು ಯಾರು? ಗೊಂದಲ ಆರಂಭವಾಗುವುದು ಇಲ್ಲಿಂದ. ಬಿಜೆಸಿಪಿಯ 2021ರ ಮಾರ್ಗಸೂಚಿಯಂತೆ ಅಮೆರಿಕನ್ ಪೇಲ್ ಏಲ್‌ನ ಮದ್ಯಾಂಶ ಶೇ 4.5ರಿಂದ 6.2ರವರೆಗೆ ಇರಬಹುದು. ತಯಾರಕರ ಒಕ್ಕೂಟವಾದ ಬ್ರೂವರ್ಸ್ ಅಸೋಸಿಯೇಷನ್‌ನ 2023ರ ಮಾರ್ಗಸೂಚಿಯಲ್ಲಿ ಈ ಮಿತಿ ಶೇ 4.4ರಿಂದ 5.4. ಅದಕ್ಕಿಂತ ಪ್ರಬಲವಾದವುಗಳಿಗೆ ‘ಸ್ಟ್ರಾಂಗ್ ಪೇಲ್ ಏಲ್’ ಎಂಬ ಬೇರೆ ಪಂಗಡವಿದೆ. ಸಿಯೆರಾ ನೆವಾಡಾ ಪೇಲ್ ಏಲ್‌ನ ಮದ್ಯಾಂಶ ಶೇ 5.6! ಅಂದರೆ ಪಂಗಡಕ್ಕೆ ಜನ್ಮ ನೀಡಿದ ಬಿಯರ್ ಒಂದು ಪುಸ್ತಕದ ಪ್ರಕಾರ ಒಳಗೆ, ಮತ್ತೊಂದರ ಪ್ರಕಾರ ಗಡಿಯಾಚೆಗೆ.

ಇದನ್ನು ಕೇವಲ ವಿನೋದವೆಂದು ತಳ್ಳಿಹಾಕುವಂತಿಲ್ಲ. ಮಾರುಕಟ್ಟೆ ಬದಲಾದಂತೆ ವ್ಯಾಖ್ಯೆಯೂ ಬದಲಾಗಬೇಕಾಗುತ್ತದೆ. ಮಬ್ಬು ಬಣ್ಣದ, ಕಹಿ ಕಡಿಮೆಯಿರುವ, ಹಣ್ಣಿನ ರಸದಂತಹ ಬಿಯರ್‌ಗಳು ಜನಪ್ರಿಯವಾದಾಗ ಹಳೆಯ ಅಳತೆಗೋಲಿನಲ್ಲಿ ಆ ಮಬ್ಬೇ ದೋಷವಾಗಿ ಕಾಣುವಂತಿತ್ತು. ಕೊನೆಗೆ 2018ರಲ್ಲಿ ಒಕ್ಕೂಟ ಅವುಗಳಿಗೆಂದೇ ‘ಜ್ಯೂಸಿ ಆರ್ ಹೇಜಿ’ ಎಂಬ ಪ್ರತ್ಯೇಕ ಪಂಗಡಗಳನ್ನು ರಚಿಸಿತು. ಆ ವರ್ಷದ ಉತ್ಸವದಲ್ಲಿ ಅತಿ ಹೆಚ್ಚು ಸ್ಪರ್ಧಿಗಳಿದ್ದುದು ಹೊಸ ಹೇಜಿ ಐಪಿಎ ಪಂಗಡದಲ್ಲೇ ಎಂಬುದು ಗಮನಾರ್ಹ. ಹೊಸತಕ್ಕೆ ನ್ಯಾಯ ದೊರೆಯಿತು. ಜೊತೆಗೆ ಹಳೆಯ ತಿಳಿಯಾದ ಪೇಲ್ ಏಲ್ ಕೂಡ ತನ್ನ ಲಕ್ಷಣಗಳನ್ನು ಬಿಟ್ಟುಕೊಡದೆ ಉಳಿಯಲು ಸಾಧ್ಯವಾಯಿತು.

ನಾಲಿಗೆಯನ್ನು ನಂಬಬಹುದೇ?

ತೀರ್ಪುಗಾರನ ಸ್ಥಿರತೆಯೂ ಪ್ರಶ್ನಾತೀತವಲ್ಲ. ಕ್ಯಾಲಿಫೋರ್ನಿಯಾದ ವೈನ್ ಸ್ಪರ್ಧೆಯೊಂದರ ಕುರಿತು ರಾಬರ್ಟ್ ಹಾಡ್ಜ್‌ಸನ್ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂದೇ ಬಾಟಲಿಯ ವೈನನ್ನು ಅದೇ ತೀರ್ಪುಗಾರರಿಗೆ ಅವರಿಗೆ ತಿಳಿಯದಂತೆ ಮೂರು ಬಾರಿ ನೀಡಲಾಗಿತ್ತು. ಒಂದೇ ಪದಕದ ಮಿತಿಯೊಳಗೆ ಅಂಕ ನೀಡಿದವರು ಸುಮಾರು ಶೇ 10ರಷ್ಟು ಮಂದಿ ಮಾತ್ರ. ವೈನ್‌ನ ಈ ಫಲಿತಾಂಶವನ್ನು ಬಿಯರ್‌ಗೆ ನೇರವಾಗಿ ಅನ್ವಯಿಸಲಾಗದು. ಆದರೆ ಅನುಭವಿ ನಾಲಿಗೆಯೂ ದಣಿಯುತ್ತದೆ, ಹಿಂದಿನ ಲೋಟದ ಕಹಿ ಮುಂದಿನ ಲೋಟದ ತೀರ್ಪನ್ನು ಬದಲಿಸಬಲ್ಲದು ಎಂಬ ಎಚ್ಚರಿಕೆ ಎರಡಕ್ಕೂ ಒಂದೇ.

ಇದರಿಂದಾಗಿ ಲಿಖಿತ ವ್ಯಾಖ್ಯೆ ಬೇಡವೆನ್ನಲಾಗದು. ಅದರ ಅಗತ್ಯ ಮತ್ತಷ್ಟು ಹೆಚ್ಚುತ್ತದೆ. ವ್ಯಾಖ್ಯೆಯಿಲ್ಲದೆ ಹೋದರೆ ಹೆಚ್ಚು ಕಹಿ, ಹೆಚ್ಚು ಮದ್ಯಾಂಶ ಇರುವ ಬಿಯರ್‌ಗಳೇ ದಣಿದ ನಾಲಿಗೆಯ ಗಮನ ಸೆಳೆಯುತ್ತವೆ. ಸಮತೋಲನವೇ ಗುಣವಾಗಿರುವ ಪೇಲ್ ಏಲ್ ಆ ಗದ್ದಲದಲ್ಲಿ ಸೋಲುವುದು ಖಚಿತ. ವ್ಯಾಖ್ಯೆಯನ್ನು ಕಾಲಕಾಲಕ್ಕೆ ತಿದ್ದುವುದು, ತಿದ್ದುಪಡಿಯ ಕಾರಣವನ್ನು ಬಹಿರಂಗವಾಗಿ ತಿಳಿಸುವುದು, ಸೋತವನಿಗೂ ತೀರ್ಪುಗಾರರ ಟಿಪ್ಪಣಿ ತಲುಪಿಸುವುದು – ಪದಕದ ಮೌಲ್ಯ ಉಳಿಯುವುದು ಈ ಮೂರರಿಂದ. ಕೊಳ್ಳುವವನು ಬಾಟಲಿಯ ಮೇಲಿನ ಚಿನ್ನದ ಮುದ್ರೆಯ ಜೊತೆಗೆ, ಅದು ಯಾವ ಪಂಗಡದಲ್ಲಿ, ಯಾವ ವರ್ಷ ದೊರೆತದ್ದು ಎಂಬುದನ್ನೂ ಓದಿಕೊಳ್ಳುವುದು ಒಳಿತು.