ಹಾಡಿಗೂ ಬೇಕು ಒಂದು ಯುಎಸ್‌ಎನ್

ನಮ್ಮ ಕಾಕಾ ಡೊಳ್ಳಿನ ಪದ ಹಾಡುವವರು. ಬಬಲೇಶ್ವರ ತಾಲ್ಲೂಕಿನ ನಮ್ಮೂರ ಸುತ್ತ ಎಲ್ಲೇ ಜಾತ್ರೆ ನಡೆದರೂ ಅವರ ಮೇಳ ಇರಲೇಬೇಕು. ನಾನು ಹುಟ್ಟುವ ಮುಂಚೆ ಅವರದೊಂದು ಕ್ಯಾಸೆಟ್ ಬಂದಿತ್ತು. ಅದರಲ್ಲಿರುವ ಪದಗಳನ್ನು ಕಟ್ಟಿದವರೂ ಅವರೇ. ಕಳೆದ ದೀಪಾವಳಿ ರಜೆಯಲ್ಲಿ ಹಳೆಯ ಟೇಪ್‌ರೆಕಾರ್ಡರ್ ರಿಪೇರಿ ಮಾಡಿಸಿ, ಆ ಕ್ಯಾಸೆಟ್ಟನ್ನು ಲ್ಯಾಪ್‌ಟಾಪಿಗೆ ಇಳಿಸಿ, ಒಂದು ವಿಡಿಯೊ ತಾಣಕ್ಕೆ ಹಾಕಿದೆ. ಮರುದಿನವೇ ಸಂದೇಶ ಬಂತು: ಈ ಧ್ವನಿಮುದ್ರಣದ ಹಕ್ಕು ಬೇರೊಬ್ಬರದ್ದು!

ಹುಡುಕಿ ನೋಡಿದರೆ, ಅದೇ ಮುದ್ರಣ ಯಾವುದೋ ಜಾನಪದ ಸಂಗ್ರಹವೊಂದರಲ್ಲಿ ಸೇರಿಕೊಂಡಿತ್ತು. ಗಾಯಕರ ಹೆಸರಿನ ಜಾಗದಲ್ಲಿ ಬರೀ 'ಜಾನಪದ ಕಲಾವಿದರು' ಎಂದಿತ್ತು. ಕಾಕಾ ಕೇಳಿಸಿಕೊಂಡು ನಕ್ಕರು. 'ಧ್ವನಿ ನಂದ ಐತಿ, ಹೆಸರ ಮಾತ್ರ ಇಲ್ಲ ನೋಡಪಾ' ಎಂದರು. ಆ ನಗು ನನಗೆ ಸಹಿಸಲಾಗಲಿಲ್ಲ. ಹಾಡನ್ನು ಯಂತ್ರ ಹೇಗೆ ಗುರುತಿಸುತ್ತದೆ ಎಂದು ಓದತೊಡಗಿದ್ದು ಆಗಲೇ.

ಮೊದಲು ಬಾರ್‌ಕೋಡ್ ವಿಷಯ. 1974ರ ಜೂನ್ 26ರಂದು ಅಮೆರಿಕದ ಒಂದು ಅಂಗಡಿಯಲ್ಲಿ ಚ್ಯೂಯಿಂಗ್ ಗಮ್ ಪೊಟ್ಟಣದ ಮೇಲೆ ಮೊದಲ ಬಾರಿಗೆ ಸ್ಕ್ಯಾನ್ ಆದ ಆ ಗೆರೆಗಳು ಮುಂದೆ ಸಿ.ಡಿ.ಗಳ ಬೆನ್ನಿಗೂ ಬಂದವು. ನಾವು ನೋಡುವ ಬಾರ್‌ಕೋಡ್‌ನಲ್ಲಿ ಸಾಮಾನ್ಯವಾಗಿ 13 ಅಂಕಿಗಳಿರುತ್ತವೆ. 890ರಿಂದ ಶುರುವಾದರೆ ಸಂಖ್ಯೆ ಪಡೆದ ಕಂಪನಿ ಭಾರತದಲ್ಲಿ ನೋಂದಾಯಿಸಿದೆ ಎಂದರ್ಥ. ಕೊನೆಯ ಅಂಕಿ ಲೆಕ್ಕ ತಾಳೆ ನೋಡಲು. ಆದರೆ ಬಾರ್‌ಕೋಡ್ ಹೇಳುವುದು ಪೊಟ್ಟಣದ ಗುರುತನ್ನು ಮಾತ್ರ. ತಿಕೋಟಾದ ಒಣದ್ರಾಕ್ಷಿ ಪ್ಯಾಕೆಟ್ಟಿನ ಮೇಲಿನ ಗೆರೆಗಳು ಯಾವ ತೋಟದ, ಯಾವ ಬಳ್ಳಿಯ ಹಣ್ಣು ಎಂದು ಹೇಳುವುದಿಲ್ಲವಲ್ಲ, ಹಾಗೆಯೇ ಆಲ್ಬಮ್ಮಿನ ಬಾರ್‌ಕೋಡ್ ಒಳಗಿನ ಒಂದೊಂದು ಹಾಡಿನ ಗುರುತು ಹೇಳುವುದಿಲ್ಲ. ಈಗ ಮುಟ್ಟಿ ನೋಡಲು ಡಬ್ಬಿಯೇ ಇಲ್ಲದ ಡಿಜಿಟಲ್ ಆಲ್ಬಮ್‌ಗೂ ಇಂಥ ಒಂದು ಸಂಖ್ಯೆ ಇರುತ್ತದೆ.

ಒಂದೊಂದು ಹಾಡಿನ ಗುರುತಿಗೆ ಇರುವುದು ಐಎಸ್‌ಆರ್‌ಸಿ, ಅಂದರೆ ಅಂತರರಾಷ್ಟ್ರೀಯ ಧ್ವನಿಮುದ್ರಣ ಸಂಕೇತ. 1986ರಲ್ಲಿ ಮಾನಕವಾಗಿ ಬಂದ ಇದರಲ್ಲಿ 12 ಅಕ್ಷರ-ಅಂಕಿಗಳಿವೆ. ವಿಟಿಯು ವಿದ್ಯಾರ್ಥಿಗಳಿಗೆ ಇದನ್ನು ವಿವರಿಸುವುದು ಸುಲಭ, ಏಕೆಂದರೆ ನಮ್ಮ ಯುಎಸ್‌ಎನ್ ಇದ್ದಂತೆಯೇ ಇದೆ. ಯುಎಸ್‌ಎನ್‌ನಲ್ಲಿ ಕಾಲೇಜು, ವರ್ಷ, ವಿಭಾಗ, ಕ್ರಮಸಂಖ್ಯೆ ಇರುತ್ತವೆ. ಇದರಲ್ಲಿ ಮೊದಲ 2 ಅಕ್ಷರ ಸಂಕೇತ ಕೊಟ್ಟ ದೇಶದ್ದು, ಮುಂದಿನ 3 ನೋಂದಾಯಿತ ಸಂಸ್ಥೆಯದ್ದು, ಆಮೇಲಿನ 2 ಸಂಕೇತ ಕೊಟ್ಟ ವರ್ಷ, ಕೊನೆಯ 5 ಕ್ರಮಸಂಖ್ಯೆ. ನಾವು ಹಾಸ್ಟೆಲ್ ಬದಲಿಸಿದರೂ ಯುಎಸ್‌ಎನ್ ಬದಲಾಗದು. ಒಂದೇ ಮುದ್ರಣ ಮೂರು ಸಂಗ್ರಹಗಳಲ್ಲಿ ಬಂದರೆ ಬಾರ್‌ಕೋಡ್ ಮೂರಾಗಬಹುದು, ಐಎಸ್‌ಆರ್‌ಸಿ ಒಂದೇ ಇರಬೇಕು. ಅದೇ ಪದವನ್ನು ಕಾಕಾ ಮತ್ತೊಮ್ಮೆ ಹಾಡಿ ಮುದ್ರಿಸಿದರೆ, ಅಥವಾ ಯಾರಾದರೂ ಅದಕ್ಕೆ ಡಿಜೆ ರೀಮಿಕ್ಸ್ ಮಾಡಿದರೆ, ಅದು ಹೊಸ ಮುದ್ರಣ, ಹೊಸ ಸಂಕೇತ. ಇನ್ನು ಪದ ಕಟ್ಟಿದ ಕೃತಿಗೆ ಐಎಸ್‌ಡಬ್ಲ್ಯುಸಿ ಎಂಬ ಬೇರೆಯೇ ಸಂಕೇತವಿದೆ.

ಇಲ್ಲಿ ಒಂದು ತಾಂತ್ರಿಕ ಮಾತು. ಬಾರ್‌ಕೋಡ್‌ನಲ್ಲಿ ಅಂಕಿ ತಪ್ಪಿದರೆ ಕೊನೆಯ ಅಂಕಿ ತಾಳೆಯಾಗದೆ ಯಂತ್ರ ಸಾಮಾನ್ಯವಾಗಿ ತಿರಸ್ಕರಿಸುತ್ತದೆ. ಐಎಸ್‌ಆರ್‌ಸಿಯಲ್ಲಿ ಅಂಥ ತಾಳೆ ಅಂಕಿಯೇ ಇಲ್ಲ. ಒಂದು ಅಂಕಿ ತಪ್ಪಿ ಟೈಪಿಸಿದರೆ ಒಬ್ಬರ ಹಾಡಿನ ಲೆಕ್ಕ ಇನ್ನೊಬ್ಬರ ಖಾತೆಗೆ ಹೋಗಬಹುದು. ಎಚ್ಚರ ನಮ್ಮದೇ.

ಇನ್ನೊಂದು ತಪ್ಪು ತಿಳಿವಳಿಕೆಯನ್ನೂ ಬಿಡಬೇಕು. ಸಂಕೇತ ಇದ್ದವರೇ ಒಡೆಯರು ಎಂದೇನಲ್ಲ. ಅದು ಗುರುತಿನ ಚೀಟಿಯೇ ಹೊರತು ಹಕ್ಕುಪತ್ರವಲ್ಲ. ನಮ್ಮ ಕಾಯ್ದೆಯಲ್ಲಿ ಧ್ವನಿಮುದ್ರಣದ ಹಕ್ಕು ಪ್ರಕಟಣೆಯ ನಂತರ 60 ವರ್ಷ, ಕಲಾವಿದರ ಪ್ರದರ್ಶನದ ಹಕ್ಕು 50 ವರ್ಷ ಇರುತ್ತದೆ. ಹಕ್ಕು ವರ್ಗಾಯಿಸಲು ಲಿಖಿತ ಪತ್ರ ಬೇಕು. ಕಾಕಾ ಕ್ಯಾಸೆಟ್ ಮಾಡಿಸಿದಾಗ ಚಹಾ ಕುಡಿದು, ಕೈಕುಲುಕಿ ಬಂದಿದ್ದರಂತೆ. ಕಾಗದ ಇಲ್ಲ. ವಾದಿಸಲು ಹೋದರೆ ನಮ್ಮ ಕೈಯಲ್ಲಿ ಇರುವುದು ಕ್ಯಾಸೆಟ್ಟಿನ ಮೇಲಿನ ಮಾಸಿದ ಫೋಟೊ ಒಂದೇ.

ಹಿಂದಿನವರು ಈ ವಿಷಯದಲ್ಲಿ ನಮಗಿಂತ ಜಾಣರು. 1902ರಲ್ಲಿ ಕೋಲ್ಕತ್ತದಲ್ಲಿ ಹಾಡಿದ ಗೌಹರ್ ಜಾನ್ ಮುದ್ರಣದ ಕೊನೆಗೆ ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ಕೂಗಿ ಹೇಳುತ್ತಿದ್ದರು. ತಟ್ಟೆ ಅಚ್ಚಾಗುತ್ತಿದ್ದುದು ಜರ್ಮನಿಯಲ್ಲಿ. ಅಲ್ಲಿನವರಿಗೆ ಹಾಡಿದ್ದು ಯಾರೆಂದು ತಿಳಿಯಬೇಕಲ್ಲ! ಗ್ರಾಮಫೋನ್ ತಟ್ಟೆಗಳ ಲೇಬಲ್ ಮೇಲೆ ಕ್ಯಾಟಲಾಗ್ ಸಂಖ್ಯೆ, ಅದರ ಪಕ್ಕ ಕೊರೆದ ಮ್ಯಾಟ್ರಿಕ್ಸ್ ಸಂಖ್ಯೆ ಇರುತ್ತಿದ್ದವು. ಅಖಂಡ ವಿಜಾಪುರ ಜಿಲ್ಲೆಯ ಬೀಳಗಿಯಿಂದ ಹೋಗಿ ಮುಂಬೈಯಲ್ಲಿ ಹೆಸರು ಮಾಡಿದ ಅಮೀರಬಾಯಿ ಕರ್ನಾಟಕಿ ಅವರ ಕಾಲದ ತಟ್ಟೆಗಳನ್ನು ಸಂಗ್ರಾಹಕರು ಇಂದಿಗೂ ಗುರುತಿಸುವುದು ಹೀಗೆಯೇ. ನಡುವೆ ಬಂದ ನಮ್ಮ ಊರುಗಳ ಕ್ಯಾಸೆಟ್ ಕಾಲದಲ್ಲೇ ಎಷ್ಟೋ ಹಾಡುಗಳು ಗುರುತು ಕಳೆದುಕೊಂಡವು.

ಈಗಲಾದರೂ ಏನು ಮಾಡಬಹುದು? ಭಾರತದಲ್ಲಿ ಐಎಸ್‌ಆರ್‌ಸಿ ನೀಡುವ ಹೊಣೆ ಇಂಡಿಯನ್ ಮ್ಯೂಸಿಕ್ ಇಂಡಸ್ಟ್ರಿ ಸಂಸ್ಥೆಯದ್ದು. ಡಿಜಿಟಲ್ ವಿತರಕರ ಮೂಲಕವೂ ಸಂಕೇತ ಪಡೆಯಬಹುದು. ಆದರೆ ಹಾಡು ಕೊಟ್ಟ ಮೇಲೆ ಆ ಸಂಕೇತವನ್ನು ಕೇಳಿ ಬರೆದಿಟ್ಟುಕೊಳ್ಳಬೇಕು. ವಿತರಕರನ್ನು ಬದಲಿಸಿದಾಗ ಹಳೆಯ ಸಂಕೇತವನ್ನೇ ಕೊಡದಿದ್ದರೆ ಅಲ್ಲಿಯವರೆಗಿನ ಕೇಳುಗರ ಲೆಕ್ಕ ಕೈತಪ್ಪಬಹುದು. ಜಾನಪದ ಅಕಾಡೆಮಿ, ಜಾನಪದ ವಿಶ್ವವಿದ್ಯಾಲಯದಂಥ ಸಂಸ್ಥೆಗಳು ತಾವೇ ನೋಂದಾಯಿಸಿಕೊಂಡು ಹಳ್ಳಿಯ ಮೇಳಗಳಿಗೆ ಸಂಕೇತ ಕೊಡುವ ಕೆಲಸ ಹಿಡಿದರೆ ಅದು ಪ್ರಶಸ್ತಿ, ಶಾಲುಗಳಿಗಿಂತ ಹೆಚ್ಚು ದಿನ ಬಾಳುತ್ತದೆ.

ಅಲ್ಲಿಯವರೆಗೆ ನಾವಿದ್ದೇವಲ್ಲ. ಪ್ರತಿ ಎಂಜಿನಿಯರಿಂಗ್ ಕಾಲೇಜಿನಲ್ಲೂ ಕೆಲಸ ಹುಡುಕುತ್ತ ರೆಸ್ಯೂಮೆ ತಿದ್ದುವ ಹುಡುಗ-ಹುಡುಗಿಯರಿದ್ದಾರೆ. ರೆಸ್ಯೂಮೆಯಲ್ಲಿ ನಮ್ಮ ಹೆಸರಿನ ಸ್ಪೆಲಿಂಗ್ ತಪ್ಪದಂತೆ ನೋಡಿಕೊಳ್ಳುವ ನಾವು ನಮ್ಮೂರಿನ ಒಬ್ಬ ಹಾಡುಗಾರರಿಗಾಗಿ ಒಂದು ಭಾನುವಾರ ಕೊಡಲಾರೆವೆ? ಒಂದು ಎಕ್ಸೆಲ್ ಹಾಳೆ ಸಾಕು. ಪದದ ಹೆಸರು, ಕಟ್ಟಿದವರು, ಹಾಡಿದವರು, ಡೊಳ್ಳು-ತಾಳ ಬಾರಿಸಿದವರು, ಮುದ್ರಿಸಿದ ದಿನ, ಊರು, ಸಂಕೇತ, ಇಷ್ಟು ಕಾಲಮ್. ಒಪ್ಪಂದ ಇದ್ದರೆ ಅದರದೊಂದು ಫೋಟೊ.

ಹಳೆಯ ಕ್ಯಾಸೆಟ್ಟಿನ ತಕರಾರು ಇನ್ನೂ ಮುಗಿದಿಲ್ಲ. ಈ ಸಂಕ್ರಾಂತಿಗೆ ವಿಜಯಪುರದಲ್ಲಿ ಸಿದ್ಧೇಶ್ವರ ಜಾತ್ರೆ ಮುಗಿಸಿಕೊಂಡು ತಿಕೋಟಾದ ನಮ್ಮ ಮಾವನ ಮನೆಯಲ್ಲಿ ಮೇಳ ಕೂರಿಸಿ, ಎರಡು ಹೊಸ ಪದ ಮುದ್ರಿಸಿದೆವು. ಸಂಕೇತ ಬಂದ ದಿನ ಕಾಕಾಗೆ ಫೋನಿನಲ್ಲಿ ಒಂದೊಂದೇ ಅಕ್ಷರ ಓದಿ ಹೇಳಿದೆ. ಅವರು ಅದನ್ನು ಪದ ಬರೆದಿಡುವ ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು. ಬರೆದು ಮುಗಿಸಿ ಕೇಳಿದ್ದು ಒಂದೇ ಪ್ರಶ್ನೆ: 'ಡೊಳ್ಳ ಬಾರಿಸಿದವರ ಹೆಸರೂ ಹಾಕೀದಿ ಇಲ್ಲೋ?'

ಹಾಕಿದ್ದೇನೆ.