ಏಳುವ ಮೊದಲು ಬಾಗಬೇಕು: ಈಸ್ಟರ್ ನಮಗೆ ಕಲಿಸಿದ್ದು

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಕಡೆ ಕ್ರೈಸ್ತರ ಮನೆಗಳು ಕಡಿಮೆ. ಕ್ರಿಸ್‌ಮಸ್ ನಕ್ಷತ್ರ, ಕೇಕು ಎಲ್ಲರಿಗೂ ಗೊತ್ತು. ಈಸ್ಟರ್ ಬಂದು ಹೋದದ್ದು ಮಾತ್ರ ಪಕ್ಕದ ಓಣಿಗೂ ಗೊತ್ತಾಗುವುದಿಲ್ಲ. ಗುಡ್ ಫ್ರೈಡೇ ದಿನ 'ಹ್ಯಾಪಿ ಗುಡ್ ಫ್ರೈಡೇ' ಎಂದು ಪ್ರೀತಿಯಿಂದ ವಾಟ್ಸಾಪ್ ಕಳಿಸುವ ಗೆಳೆಯರಿದ್ದಾರೆ. ಅದು ಯೇಸುವನ್ನು ಶಿಲುಬೆಗೆ ಏರಿಸಿದ ದಿನ, ಉಪವಾಸದ ದಿನ. ಮೂರನೇ ದಿನ, ಭಾನುವಾರ, ಯೇಸು ಎದ್ದು ಬಂದರೆಂಬ ನಂಬಿಕೆಯೇ ಈಸ್ಟರ್.

ಈ ನಂಬಿಕೆಯಲ್ಲೇ ಬೆಳೆದವರು ನಾವು. ಆದರೂ ಭಾನುವಾರದ ಸಂಭ್ರಮಕ್ಕಿಂತ ಅದಕ್ಕೂ ಮೊದಲಿನ ಗುರುವಾರವೇ ನಮಗೆ ಹೆಚ್ಚು ಪಾಠ ಹೇಳಿದೆ.

ಆ ಗುರುವಾರ ರಾತ್ರಿ ಊಟದ ಹೊತ್ತಿಗೆ ಯೇಸು ಎದ್ದು, ಸೊಂಟಕ್ಕೆ ಬಟ್ಟೆ ಸುತ್ತಿಕೊಂಡು, ಶಿಷ್ಯರ ಕಾಲು ತೊಳೆದರು. ಆ ದೇಶದಲ್ಲಿ ಅದು ಆಳುಗಳ ಕೆಲಸ. ಪೇತ್ರ ಬೇಡವೇ ಬೇಡ ಎಂದ. ಗುರು ಕೇಳಲಿಲ್ಲ. ಕೆಲವೇ ಹೊತ್ತಿನಲ್ಲಿ ಹಿಡಿದುಕೊಡಲಿದ್ದ ಯೂದನ ಕಾಲನ್ನೂ ಬಿಡಲಿಲ್ಲ. ಇಂದಿಗೂ ಚರ್ಚ್‌ಗಳಲ್ಲಿ ಆ ದಿನ ಗುರುಗಳು ಜನರ ಕಾಲು ತೊಳೆಯುತ್ತಾರೆ. 2013ರಲ್ಲಿ ಪೋಪ್ ಫ್ರಾನ್ಸಿಸ್ ರೋಮ್‌ನ ಬಾಲಾಪರಾಧಿಗಳ ಜೈಲಿಗೇ ಹೋಗಿ 12 ಮಂದಿಯ ಕಾಲು ತೊಳೆದರು. ಅವರಲ್ಲಿ ಹುಡುಗಿಯರೂ ಇದ್ದರು, ಮುಸ್ಲಿಮರೂ ಇದ್ದರು.

ನಮ್ಮ ಕಡೆ ಕಾಲಿನ ಮಾತು ಬಂದರೆ ಚಪ್ಪಲಿಯ ಮಾತು ಬರಲೇಬೇಕು. ಅಥಣಿ, ಮದಭಾವಿ, ನಿಪ್ಪಾಣಿ ಕಡೆಯ ಕೈಗಳು ಹೊಲಿದದ್ದೂ ಕೊಲ್ಹಾಪುರಿ ಹೆಸರಿನಲ್ಲೇ ಜಗತ್ತಿಗೆ ಹೋಗುತ್ತದೆ. 2019ರಲ್ಲಿ ಅದಕ್ಕೆ ಜಿಐ ಟ್ಯಾಗ್ ಸಿಕ್ಕಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರವೂ ಸೇರಿದವು. 2025ರಲ್ಲಿ ಇಟಲಿಯ ಪ್ರಾಡಾ ಕಂಪನಿ ಅದೇ ಮಾದರಿಯ ಚಪ್ಪಲಿಯನ್ನು ಫ್ಯಾಷನ್ ಶೋದಲ್ಲಿ ತೋರಿಸಿದಾಗ ನಮಗೆಲ್ಲ ಸಿಟ್ಟು ಬಂತು. ಬರಬೇಕಾದದ್ದೇ. ಆದರೆ ಆ ಚಪ್ಪಲಿ ಹೊಲಿಯುವವರ ಮನೆಯಲ್ಲಿ ಕೂತು ನಮ್ಮಲ್ಲಿ ಎಷ್ಟು ಜನ ಚಹಾ ಕುಡಿದಿದ್ದೇವೆ? ಚಪ್ಪಲಿಗೆ ಹೆಮ್ಮೆ, ಹೊಲಿದವನಿಗೆ ಹೊಸ್ತಿಲಾಚೆ ಜಾಗ. ಇದು ಇಟಲಿಯವರು ಮಾಡಿದ್ದಲ್ಲ.

ಈ ಪಾಠ ಕಲಿಯಲು ನಾವು ದೂರ ಹೋಗಬೇಕಾಗಿಲ್ಲ. ಸಮಗಾರ ಹರಳಯ್ಯನ ಕಥೆ ನಮ್ಮ ಮನೆಮನೆಯದು. ಹರಳಯ್ಯ 'ಶರಣು' ಎಂದರೆ ಬಸವಣ್ಣ 'ಶರಣು ಶರಣಾರ್ಥಿ' ಎಂದರು. ಹರಳಯ್ಯ ದಂಪತಿ ತಮ್ಮ ತೊಡೆಯ ಚರ್ಮದಿಂದ ಮಾಡಿದ ಚಮ್ಮಾವುಗೆಯನ್ನು ಬಸವಣ್ಣ ಕಾಲಿಗೆ ಹಾಕಲಿಲ್ಲ, ತಲೆಯ ಮೇಲೆ ಹೊತ್ತರು. ದೊಡ್ಡವರು ಬಾಗುವುದು ಎಲ್ಲ ಕಡೆಯೂ ಒಂದೇ ಥರ ಕಾಣುತ್ತದೆ.

ಅಥಣಿ, ಕಾಗವಾಡದ ಹಿರಿಯರಿಗೆ ಮಿರಜದ ಮಿಷನ್ ದವಾಖಾನೆ ಗೊತ್ತು. 1894ರಲ್ಲಿ ಡಾಕ್ಟರ್ ವಿಲಿಯಂ ವಾನ್‌ಲೆಸ್ ಕಟ್ಟಿದ್ದು. ನಮ್ಮ ಭಾಗದ ಅನೇಕರಿಗೆ ಕ್ರೈಸ್ತ ಧರ್ಮದ ಪರಿಚಯ ಆದದ್ದು ಉಪದೇಶದಿಂದಲ್ಲ, ತಮ್ಮ ಗಾಯದ ಮೇಲೆ ಬಾಗಿ ಪಟ್ಟಿ ಕಟ್ಟಿದ ನರ್ಸಮ್ಮನಿಂದ.

ಇನ್ನು ಭಾನುವಾರ. ಯೇಸುವಿನ ಶವಕ್ಕೆ ಸುಗಂಧ ದ್ರವ್ಯ ಹಚ್ಚಲು ಬೆಳಗಿನ ಜಾವ ಸಮಾಧಿಗೆ ಹೋದವರು ಹೆಣ್ಣುಮಕ್ಕಳು. ಶಿಷ್ಯರು ಬಾಗಿಲು ಹಾಕಿಕೊಂಡು ಕೂತಿದ್ದರು. ಹಾಗಾಗಿ ಸಮಾಧಿ ಖಾಲಿ ಇದೆ ಎಂಬ ಸುದ್ದಿ ಮೊದಲು ಸಿಕ್ಕಿದ್ದು ಆ ಹೆಣ್ಣುಮಕ್ಕಳಿಗೆ. ಓಡಿ ಬಂದು ಹೇಳಿದರೆ ಗಂಡಸರು ನಂಬಲಿಲ್ಲ, ಹುಚ್ಚು ಮಾತು ಎಂದುಕೊಂಡರು.

ಸುದ್ದಿ ಬರೆಯುವ ನಮಗೆ ಇದು ದೊಡ್ಡ ಪಾಠ. ಊರ ನಳ ನಿಂತದ್ದು ಮೊದಲು ಗೊತ್ತಾಗುವುದು ಕೊಡ ಹಿಡಿದವಳಿಗೆ. ಶಾಲೆಗೆ ಬಂದ ಬೇಳೆಯಲ್ಲಿ ಹುಳ ಇರುವುದು ಗೊತ್ತಾಗುವುದು ಬಿಸಿಯೂಟದ ಅಕ್ಕನಿಗೆ. ನಾವು ಮೈಕ್ ಹಿಡಿಯುವುದು ಮಾತ್ರ ಪಂಚಾಯತಿ ಕುರ್ಚಿಯ ಮುಂದೆ. ಗ್ರಾಮಸಭೆಯಲ್ಲಿ ಆ ಅಕ್ಕ ಎದ್ದು ನಿಂತರೆ 'ಕೂಡವ್ವಾ, ನಿನಗೇನ ಗೊತ್ತೈತಿ' ಎನ್ನುವ ದನಿಗಳನ್ನು ನೀವೂ ಕೇಳಿರುತ್ತೀರಿ. ಕೆಳಗೆ ಬಾಗಿ ಕೆಲಸ ಮಾಡುವವರ ಕಣ್ಣಿಗೆ ಬೀಳುವ ಸತ್ಯ ಮೇಲೆ ಕೂತವರಿಗೆ ಕಾಣುವುದು ತಡ.

ಸತ್ತವರು ಎದ್ದು ಬರುವುದನ್ನು ನಂಬುವುದು, ಬಿಡುವುದು ಅವರವರ ಶ್ರದ್ಧೆ. ಬಾಗುವುದಕ್ಕೆ ಯಾವ ಧರ್ಮದ ಅಡ್ಡಿಯೂ ಇಲ್ಲ. ಮನೆಗೆ ಬಂದವರ ಕಾಲಿಗೆ ನೀರು ಕೊಡುವುದು ನಮ್ಮ ಹಳೆಯ ಪದ್ಧತಿ. ಆದರೆ ಆ ತಂಬಿಗೆ ಯಾರಿಗೆ ಕೊಡುತ್ತೇವೆ, ಯಾರಿಗೆ ಕೊಡುವುದಿಲ್ಲ ಎಂಬುದನ್ನು ಸ್ವಲ್ಪ ನೋಡಿಕೊಳ್ಳೋಣ. ಮುಂದಿನ ಸೀಜನ್‌ಗೆ ಕಬ್ಬು ಕಡಿಯುವ ಗ್ಯಾಂಗ್ ನಿಮ್ಮ ಹೊಲಕ್ಕೆ ಬಂದಾಗ, ಟನ್ ಲೆಕ್ಕ ಕೇಳುವ ಮೊದಲು ಒಂದು ಕೊಡ ತಣ್ಣೀರು ಇಟ್ಟು ಅವರ ಹೆಸರು ಕೇಳಿ.