ಕೊಟ್ಟಿಗೆಯಲ್ಲಿ ನಿಂತ ಗಾಡಿ: ಮೊದಲು ಕಾಗದ ನೋಡಿ, ಆಮೇಲೆ ಎಂಜಿನ್

ನಮ್ಮ ಕೊಟ್ಟಿಗೆಯ ಮೂಲೆಯಲ್ಲಿ ಅಪ್ಪನ ಹೀರೋ ಹೋಂಡಾ ಸಿಡಿ 100 ಆರು ವರ್ಷದಿಂದ ನಿಂತಿತ್ತು. 1999ರಲ್ಲಿ ಕೊಂಡಿದ್ದು. ಎರಡೂ ಕಡೆ ಹಾಲಿನ ಕ್ಯಾನು ಹಾಕಿಕೊಂಡು ದಿನಾ ಡೇರಿಗೆ ಹೋಗಿಬರುತ್ತಿದ್ದ ಗಾಡಿ. ಅಪ್ಪ ತೀರಿಕೊಂಡ ಮೇಲೆ ಯಾರೂ ಕಿಕ್ ಹೊಡೆದಿರಲಿಲ್ಲ. ಟೈರು ಬಿರುಕು ಬಿಟ್ಟಿತ್ತು, ಟ್ಯಾಂಕಿನೊಳಗೆ ತುಕ್ಕು, ಸೀಟಿನ ಮೇಲೆ ಕೋಳಿ ಮೊಟ್ಟೆ ಇಡುತ್ತಿತ್ತು. ಗುಜರಿಯವರು ಬಂದಾಗಲೆಲ್ಲ ತಮ್ಮ ‘ಕೊಟ್ಟುಬಿಡೋಣ’ ಅನ್ನುತ್ತಿದ್ದ, ನಾನು ‘ಇರಲಿ ಬಿಡೋ, ರಿಪೇರಿ ಮಾಡಿಸೋಣ’ ಅನ್ನುತ್ತಿದ್ದೆ. ಕೊಡಲೂ ಇಲ್ಲ, ಮಾಡಿಸಲೂ ಇಲ್ಲ.

ಇಂಥದ್ದೊಂದು ಗಾಡಿ ನಿಮ್ಮ ಮನೆಯಲ್ಲೂ ಇದ್ದರೆ ನನ್ನ ಮಾತು ಇಷ್ಟೇ: ಮೆಕ್ಯಾನಿಕ್‌ನ ಕರೆಯುವ ಮುಂಚೆ ಆರ್‌ಸಿ ಹುಡುಕಿ.

ನಾನು ಉಲ್ಟಾ ಮಾಡಿದೆ. ಮೆಕ್ಯಾನಿಕ್ ನೋಡಿ, ‘ಎಂಜಿನ್ ಗಟ್ಟಿ ಇದೆ ಅಣ್ಣ, ಸ್ಪ್ಲೆಂಡರ್ ಸಾಮಾನು ಎಷ್ಟೋ ಇದಕ್ಕೂ ಕೂರುತ್ತೆ. ಟೈರು, ಬ್ಯಾಟರಿ, ಕಾರ್ಬುರೇಟರ್, ಟ್ಯಾಂಕು ಸೇರಿ ಹನ್ನೆರಡು ಸಾವಿರ’ ಅಂದ. ಖುಷಿಯಾಯಿತು. ಮನೆಗೆ ಬಂದು ಆರ್‌ಸಿ ತೆಗೆದರೆ ಅವಧಿ ಮುಗಿದು ವರ್ಷಗಳೇ ಆಗಿವೆ, ಹೆಸರೂ ಅಪ್ಪನದೇ.

ಬೈಕಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ಐದೈದು ವರ್ಷಕ್ಕೆ ನವೀಕರಿಸಬೇಕು. ಅದರ ಶುಲ್ಕ 2022ರಲ್ಲಿ 300ರಿಂದ 1000 ರೂಪಾಯಿಗೆ ಏರಿತು. 20 ವರ್ಷ ದಾಟಿದ ಬೈಕಿಗೆ 2025ರಿಂದ 2000. ಮಾಲೀಕರು ತೀರಿಕೊಂಡಿದ್ದರೆ ಫಾರಂ 31 ತುಂಬಿ, ಮರಣ ಪತ್ರ ಕೊಟ್ಟು ವಾರಸುದಾರರ ಹೆಸರಿಗೆ ಮಾಡಿಸಬೇಕು. ಚಾಸಿ ನಂಬರ್ ತುಕ್ಕು ಹಿಡಿದು ಅಳಿಸಿದ್ದರೆ ಇನ್ನೊಂದು ತಾಪತ್ರಯ. ಇನ್ಶೂರೆನ್ಸ್ ಬೇರೆ.

‘ಊರೊಳಗೆ ತಾನೆ ಓಡಿಸೋದು, ಕಾಗದ ಯಾಕೆ?’ ಅನ್ನುವವರಿದ್ದಾರೆ. ಇನ್ಶೂರೆನ್ಸ್ ಇಲ್ಲದ ಗಾಡಿ ಊರೊಳಗೇ ಒಂದು ಮಗುವಿಗೆ ತಗುಲಿದರೂ ಪರಿಹಾರ ನಮ್ಮ ಕೈಯಿಂದಲೇ ಹೋಗಬೇಕು. ಅದಕ್ಕೆ ಹೊಲ ಮಾರಬೇಕಾಗಬಹುದು.

ಹಾಗಂತ ಗುಜರಿಗೆ ಸುಮ್ಮನೆ ತಳ್ಳುವುದೂ ತಪ್ಪು. ನಂಬರ್ ಪ್ಲೇಟ್ ಸಮೇತ ಕೊಟ್ಟರೆ ಅದೇ ನಂಬರು ಕದ್ದ ಗಾಡಿಗೆ ಕೂರಬಹುದು, ಪೊಲೀಸರು ಹುಡುಕಿಕೊಂಡು ಬರುವುದು ನಿಮ್ಮ ಮನೆಗೆ. 2021ರ ನಿಯಮದಂತೆ ಸರ್ಕಾರದಲ್ಲಿ ನೋಂದಾಯಿತ ಗುಜರಿ ಕೇಂದ್ರಗಳಿವೆ. ಅಲ್ಲಿ ಕೊಟ್ಟರೆ ಪ್ರಮಾಣಪತ್ರ ಸಿಗುತ್ತದೆ. ಆರ್‌ಟಿಒದಲ್ಲಿ ಆರ್‌ಸಿ ರದ್ದಾಗಿದೆಯೇ ಎಂದು ಖಾತ್ರಿ ಮಾಡಿಕೊಳ್ಳಿ.

ಕೊನೆಗೆ ನಮ್ಮ ಮನೆಯಲ್ಲಿ ತೀರ್ಮಾನ ಮಾಡಿದ್ದು ಅಮ್ಮ. ‘ಮಾಡಿಸಿದ್ರೆ ದಿನಾ ಓಡಿಸ್ತೀಯೇನೋ?’ ಅಂತ ಕೇಳಿದಳು. ನನ್ನ ಹತ್ತಿರ ಬೇರೆ ಗಾಡಿ ಇದೆ. ಸುಳ್ಳು ಹೇಳಲು ಬಾಯಿ ಬರಲಿಲ್ಲ. ‘ಹಂಗಾದ್ರೆ ನಿಮ್ಮಪ್ಪನ ಹೆಸರು ಹೇಳ್ಕೊಂಡು ಅದನ್ಯಾಕೆ ಕೊಳೆಸ್ತೀಯ?’ ಅಂದಳು.

ದಿನಾ ಓಡಿಸುವವರಿದ್ದು, ಕಾಗದ ಸರಿಯಾಗುವಂತಿದ್ದರೆ ಖಂಡಿತ ಮಾಡಿಸಿ. ಹಳೆಯದು ಎಂಬ ಒಂದೇ ಕಾರಣಕ್ಕೆ ಬಿಡಬೇಡಿ. ಇಲ್ಲದಿದ್ದರೆ ಕಳಿಸಿಕೊಡಿ. ನಾವು ಕಳಿಸಿದೆವು. ಹಾಲಿನ ಕ್ಯಾನು ಇಡುವ ಕಬ್ಬಿಣದ ಸ್ಟ್ಯಾಂಡ್ ಮಾತ್ರ ಬಿಚ್ಚಿ ತಮ್ಮನ ಗಾಡಿಗೆ ಹಾಕಿಸಿದೆವು. ಈಗ ಡೇರಿಗೆ ಹೋಗುವವನು ಅವನೇ.